ಸದ್ದು ಮಾಡದ ಸ್ಕ್ರೂ

ಕಂಪ್ಯೂಟರಿನ ಬೆನ್ನಿನಲ್ಲಿ, ಮೇಲಿನ ಮೂಲೆಗೆ, ಒಂದು ತಗಡಿನ ಡಬ್ಬಿ ಇರುತ್ತದೆ. ಗೋಡೆಯ ಕರೆಂಟನ್ನು ತೆಗೆದುಕೊಂಡು, ಇಳಿಸಿ, ಉಳಿದ ಭಾಗಗಳಿಗೆಲ್ಲ ಹಂಚುವುದು ಅದರ ಕೆಲಸ. ಎಸ್‌ಎಂಪಿಎಸ್ ಅನ್ನುತ್ತೇವೆ. ಅಂಥ ಡಬ್ಬಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ ನನ್ನ ವಯಸ್ಸು ಕಳೆಯಿತು. ಈಗ ಈ ಕೆಲಸಕ್ಕೆ ಬರುವ ನೀವು ಯಾರೂ ಅಲ್ಲಾಡಿಸುವುದಿಲ್ಲ. ಕೆಟ್ಟರೆ ಇಡೀ ಡಬ್ಬಿ ಕಿತ್ತು ಇನ್ನೊಂದು ಕೂರಿಸುತ್ತೀರಿ. ಅದೇ ಸರಿ. ಆದರೆ ಆ ಡಬ್ಬಿಯೊಳಗೆ ಏನೇನಿರುತ್ತಿತ್ತು, ಅದನ್ನು ನಾವು ಹೇಗೆ ಹುಡುಕುತ್ತಿದ್ದೆವು, ಒಮ್ಮೆ ಹೇಗೆ ಹುಡುಕದೆ ಹೋದೆ ಎಂಬುದನ್ನು ಹೇಳಬೇಕೆನಿಸಿದೆ.

ಒಂದು ಎಚ್ಚರಿಕೆ. ಇಲ್ಲಿನ ಕೆಲವು ಸಂಗತಿಗಳನ್ನು ಹೊಸಬರಿಗೆ ಪಾಠ ಮಾಡುವಾಗ ಹತ್ತಾರು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಕಥೆ ಚೊಕ್ಕಟವಾಯಿತು, ನಾನು ಸ್ವಲ್ಪ ಒಳ್ಳೆಯವನಾದೆ. ಈ ಸಲ ಗಂಟು ಗಂಟಾಗಿದ್ದರೂ ಇದ್ದ ಹಾಗೆ ಬರೆಯಲು ನೋಡುತ್ತೇನೆ. ಎಲ್ಲಿ ನೆನಪಿಲ್ಲವೋ ಅಲ್ಲಿ ಇಲ್ಲ ಎನ್ನುತ್ತೇನೆ.

ನಮ್ಮ ವರ್ಕ್‌ಶಾಪು ಚಿತ್ರದುರ್ಗದಲ್ಲಿ, ಕೋಟೆ ಕಡೆ ಹೋಗುವ ಒಂದು ಓಣಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿತ್ತು. ಧೂಳು ಕಂಪ್ಯೂಟರಿನ ಶತ್ರು ಎಂದು ಊರಿಗೆಲ್ಲ ಹೇಳುತ್ತಿದ್ದ ನಾವು ಹಗಲಿಡೀ ರಾಗಿ ಹಿಟ್ಟಿನಲ್ಲಿ ಕೂತು ಕೆಲಸ ಮಾಡುತ್ತಿದ್ದೆವು. ನನಗೆ ಕೆಲಸ ಕಲಿಸಿದವರು ಬಷೀರಣ್ಣ. ರೇಡಿಯೊ ರಿಪೇರಿಯಿಂದ ಟೀವಿಗೆ, ಟೀವಿಯಿಂದ ಕಂಪ್ಯೂಟರಿಗೆ ಬಂದವರು. ಇಂಗ್ಲಿಷ್ ಪುಸ್ತಕ ಓದುತ್ತಿರಲಿಲ್ಲ, ಆದರೆ ಸುಟ್ಟ ವಾಸನೆಯಿಂದಲೇ ಯಾವ ಭಾಗ ಹೋಗಿದೆ ಎಂದು ಹೇಳುತ್ತಿದ್ದರು. ನಾನು ಸ್ಕ್ರೂಡ್ರೈವರ್ ಎತ್ತಿದರೆ ಕೈ ಹಿಡಿದು ನಿಲ್ಲಿಸುತ್ತಿದ್ದರು.

‘ಏ ಮಂಜು, ಮೊದ್ಲು ಕೇಳು, ಆಮ್ಯಾಲೆ ಬಿಚ್ಚು. ಒಳಗೆ ಯಾರವ್ರೆ ಅಂತ ಬಾಗ್ಲು ಬಡೀದೆ ಹೋಗ್ತಾರೇನು?’

ಹಾಗೆ ಅಲ್ಲಾಡಿಸುವುದು ಅಭ್ಯಾಸವಾಯಿತು. ಸದ್ದು ಬಂದರೆ ಒಳಗೆ ಏನೋ ಸಡಿಲವಾಗಿದೆ. ಲೋಹವಾಗಿದ್ದರೆ ಅಪಾಯ. ಭಾಗಗಳನ್ನು ಬೆಸೆದಿರುವ ಒಳಗಿನ ಹಲಗೆಗೂ ಹೊರಗಿನ ತಗಡಿಗೂ ನಡುವೆ ಬೆರಳಿನಷ್ಟೂ ಜಾಗವಿರುವುದಿಲ್ಲ. ಒಂದು ಸ್ಕ್ರೂ ಅಲ್ಲಿ ಅಡ್ಡ ಬಿದ್ದರೆ ಕರೆಂಟು ತಗಡಿಗೆ ಹರಿಯುತ್ತದೆ, ತಗಡಿನಿಂದ ಇಡೀ ಕಂಪ್ಯೂಟರಿನ ಮೈಗೆ.

ಲೋಹವಲ್ಲದ್ದೂ ಸಿಗುತ್ತಿತ್ತು. ಒಣಗಿದ ಹಲ್ಲಿ, ಜಿರಳೆ ಮೊಟ್ಟೆ, ಶೇಂಗಾ ಸಿಪ್ಪೆ. ಭರಮಸಾಗರದ ಒಂದು ಶಾಲೆಯಲ್ಲಿ ಡಬ್ಬಿ ಬಿಚ್ಚಿದರೆ ಇಲಿ ಗೂಡು. ಗೂಡು ಕಟ್ಟಿದ್ದು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಚೂರಿನಿಂದ. ಮೇಷ್ಟ್ರು ಒಂದು ಚೂರನ್ನು ಬೆಳಕಿಗೆ ಹಿಡಿದು ನೋಡಿ, ಈ ಹುಡುಗರ ಉತ್ತರ ಪೂರ್ತಿ ಓದಿದ್ದು ಈ ಇಲಿ ಒಂದೇ ಕಣ್ರಿ ಎಂದರು. ಜವನಗೊಂಡನಹಳ್ಳಿಯ ಗೊಬ್ಬರದ ಅಂಗಡಿಯಲ್ಲಿ ಆಯುಧಪೂಜೆಯ ಮಾರನೇ ವಾರ ಡಬ್ಬಿ ಅಲ್ಲಾಡಿಸಿದಾಗ ಸಣ್ಣ ಮಳೆಯ ಹಾಗೆ ಸದ್ದು. ಫ್ಯಾನಿನ ಜಾಲರಿಯೊಳಕ್ಕೆ ಮುಷ್ಟಿ ತುಂಬ ಅಕ್ಷತೆ ಹಾಕಿದ್ದರು. ಅಂಗಡಿಯವರು ಅದನ್ನು ಬಿಸಾಡಲು ಬಿಡಲಿಲ್ಲ. ಕಾಗದದಲ್ಲಿ ಕಟ್ಟಿಸಿ ಮಾನಿಟರಿನ ಮೇಲೆ ಇಟ್ಟುಕೊಂಡರು. ಆ ವರ್ಷ ಅವರ ಕಂಪ್ಯೂಟರ್ ಕೆಡಲಿಲ್ಲ. ನಾನು ಏನು ಹೇಳಲಿ?

ಹಿರಿಯೂರಿನಲ್ಲಿ ನಾನೇ ಪೆಟ್ಟು ತಿಂದೆ. ಒಂದು ಲಾಡ್ಜಿನಲ್ಲಿ ಕೆಲಸ ಮಾಡುತ್ತಿದ್ದಾಗ ಊರಿನ ಕರೆಂಟು ಹೋಯಿತು. ಒಳ್ಳೆಯದೇ ಆಯಿತು ಎಂದು ಡಬ್ಬಿ ಬಿಚ್ಚಿ ಎರಡೂ ಕೈ ಒಳಗೆ ಹಾಕಿದೆ. ಕೈ ತನ್ನಷ್ಟಕ್ಕೆ ಹಾರಿ ಮೊಣಕೈ ಬೀರುವಿಗೆ ಬಡಿಯಿತು. ಲಾಡ್ಜಿನವರು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು.

‘ಊರಾಗೇ ಕರೆಂಟಿಲ್ಲ, ನಿಮಗೆಲ್ಲಿಂದ ಬಂತ್ರೀ?’

ಡಬ್ಬಿಯೊಳಗೆ ಕರೆಂಟನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳಿವೆ. ತಂತಿ ಕಿತ್ತ ಮೇಲೂ ಅವುಗಳ ಹೊಟ್ಟೆಯಲ್ಲಿ ಅದು ಕೂತಿರುತ್ತದೆ, ಕೆಟ್ಟ ಡಬ್ಬಿಯಲ್ಲಿ ಇನ್ನೂ ಹೆಚ್ಚು ಹೊತ್ತು. ವರ್ಕ್‌ಶಾಪಿಗೆ ವಾಪಸು ಬಂದು ಹೇಳಿದಾಗ ಬಷೀರಣ್ಣ ಬಯ್ಯಲಿಲ್ಲ. ನನ್ನ ಎಡಗೈ ಹಿಡಿದು ನನ್ನ ಪ್ಯಾಂಟಿನ ಜೇಬಿಗೆ ತುರುಕಿದರು. ಕೆಲಸ ಮಾಡುವಾಗ ಇದು ಇಲ್ಲೇ ಇರಲಿ, ಎರಡು ಕೈ ಒಳಗೆ ಹೋದರೆ ಕರೆಂಟಿಗೆ ಎದೆಯ ಮೇಲೆ ದಾರಿ ಸಿಗುತ್ತದೆ ಎಂದರು. ಈಗಲೂ ಮನೆಯ ಮಿಕ್ಸಿ ಬಿಚ್ಚುವಾಗ ನನ್ನ ಎಡಗೈ ತಾನಾಗಿ ಲುಂಗಿಯ ಮಡಿಕೆ ಹುಡುಕುತ್ತದೆ.

ಮ್ಯಾನೇಜರ್ ಚಿದಾನಂದಪ್ಪನವರ ಬಗ್ಗೆ ಒಂದು ಮಾತು. ಅವರು ಕೆಟ್ಟವರಲ್ಲ. ನನಗೆ ಕಾಮಾಲೆಯಾದಾಗ ಬಿ.ದುರ್ಗದ ಕಡೆಯಿಂದ ಯಾರಿಂದಲೋ ಔಷಧಿ ತರಿಸಿ ತಾವೇ ಮನೆಗೆ ತಂದುಕೊಟ್ಟವರು. ಆದರೆ ಪ್ರತಿ ರಿಪೇರಿಗೂ ನಾವು ತುಂಬಬೇಕಾಗಿದ್ದ ವರದಿಯಲ್ಲಿ ‘ದೋಷಕ್ಕೆ ಕಾರಣ’ ಎಂಬ ಕಲಂ ಇತ್ತು. ಆ ಕಲಮಿನಲ್ಲಿ ನಮ್ಮ ಹೆಸರು ಬರಬಾರದು ಎಂಬುದು ಅವರ ಧರ್ಮವಾಗಿತ್ತು. ಇಲಿ, ಹಲ್ಲಿ, ಸಿಡಿಲು, ಗಿರಾಕಿ, ಯಾರದಾದರೂ ಹೆಸರು ಬರಲಿ.

ಗಿರಾಕಿಗಳಿಗೆ ನಾವು ನಿಯಮ ಬರೆದುಕೊಡುತ್ತಿದ್ದೆವು. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರಬಾರದು. ದಿನಾ ಬೆಳಿಗ್ಗೆ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ರಟ್ಟಿನ ಮೇಲೆ ನಾನೇ ದುಂಡಗೆ ಬರೆದು ನಾಲ್ಕು ತಾಲ್ಲೂಕಿನ ಎಷ್ಟೋ ಬಾಗಿಲುಗಳಿಗೆ ಅಂಟಿಸಿದ್ದೇನೆ. ಜನ ಗುಡಿಯ ಮುಂದೆ ಬಿಡುವ ಹಾಗೆ ಸಾಲಾಗಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ನನಗೆ ಆಗ ಅದು ಚೆಂದ ಕಾಣುತ್ತಿತ್ತು. ಬರಿಗಾಲು, ಒದ್ದೆ ನೆಲ, ಕರೆಂಟಿನ ಯಂತ್ರ, ಈ ಮೂರನ್ನೂ ಒಂದೇ ಕೋಣೆಗೆ ತಂದು ಸೇರಿಸುತ್ತಿದ್ದೇನೆ ಎಂದು ಒಂದು ದಿನವೂ ಹೊಳೆಯಲಿಲ್ಲ. ನನಗೊಬ್ಬನಿಗೇ ಅಲ್ಲ, ಯಾರಿಗೂ ಹೊಳೆಯಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ಉಳಿದವರ ವಿಷಯ ನನಗೆ ಗೊತ್ತಿಲ್ಲ.

ಹೊಸದುರ್ಗದ ರುದ್ರಪ್ಪನವರ ಕೊಬ್ಬರಿ ಮಂಡಿಯಲ್ಲಿ ಈ ನಿಯಮವನ್ನು ಅಕ್ಷರಶಃ ಪಾಲಿಸಿದವಳು ಸುಜಾತ. ಅವಳು ಮೊದಲು ಮಂಡಿಯ ಅಂಗಳದಲ್ಲಿ ತಾಯಿಯ ಜೊತೆ ಕೂತು ಕೊಬ್ಬರಿ ವಿಂಗಡಿಸುತ್ತಿದ್ದಳಂತೆ. ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ, ಬೂಸಲು ಹಿಡಿದದ್ದು ಇನ್ನೊಂದು ಕಡೆ. ಸಂಜೆ ಹೊತ್ತು ಟೈಪಿಂಗ್ ಕಲಿತು, ಆಮೇಲೆ ಕಂಪ್ಯೂಟರ್ ಕಲಿತು, ಅಂಗಳದಿಂದ ಒಳಗಿನ ಕೋಣೆಯ ಕುರ್ಚಿಗೆ ಬರಲು ನಾಲ್ಕು ವರ್ಷ ಹಿಡಿದಿತ್ತು. ಬಂದ ರೈತರ ಹೆಸರು, ಊರು, ಚೀಲಗಳ ತೂಕ ಹೊಡೆದು ಚೀಟಿ ತೆಗೆದುಕೊಡುವುದು ಅವಳ ಕೆಲಸ. ಬೆಳಿಗ್ಗೆ ಅವಳೇ ನೆಲ ಒರೆಸುತ್ತಿದ್ದಳು. ರುದ್ರಪ್ಪನವರ ಜೋಡನ್ನೂ ಹೊರಗೇ ಬಿಡಿಸುತ್ತಿದ್ದಳು. ಗುಡಿಯ ಪೂಜಾರಪ್ಪನಾದರೂ ಒಂದೊಂದು ಸಲ ಒಳಗೆ ಬಿಟ್ಟಾನು, ಇವಳು ಬಿಡಲ್ಲ ಎಂದು ಅವರು ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ಹೆಮ್ಮೆಯಿತ್ತು.

ಒಂದು ಬೇಸಿಗೆಯಲ್ಲಿ ಅಲ್ಲಿನ ಡಬ್ಬಿಯ ಫ್ಯಾನು ನಿಂತಿತು. ಕೊಬ್ಬರಿ ನಾರು ಸುತ್ತಿಕೊಂಡಿತ್ತು. ಡಬ್ಬಿಯನ್ನು ಚಿತ್ರದುರ್ಗಕ್ಕೆ ತಂದು ಬಿಚ್ಚಿ ಹೊಸ ಫ್ಯಾನು ಕೂರಿಸಿದೆ. ಫ್ಯಾನಿಗೆ ನಾಲ್ಕು ಸ್ಕ್ರೂ. ನನ್ನ ಕೈಗೆ ಸಿಕ್ಕಿದ್ದು ಮೂರು. ಮೇಜಿನ ಮೇಲೆ ಹಿಟ್ಟಿನ ಧೂಳಿನಲ್ಲಿ ಬೆರಳಾಡಿಸಿದೆ, ನೆಲ ನೋಡಿದೆ. ಮೊದಲೇ ಮೂರಿತ್ತೇನೋ ಅಂದುಕೊಂಡೆ. ಎಷ್ಟೋ ಡಬ್ಬಿಗಳಲ್ಲಿ ಮೂರೇ ಇರುತ್ತಿದ್ದವು. ಮುಚ್ಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ.

ಕೆಲಸ ಕಲಿಯುತ್ತಿರುವವರು ಇಲ್ಲಿ ನಿಲ್ಲಬೇಕು. ಸದ್ದು ಬಂದರೆ ಏನೋ ಇದೆ ಎನ್ನುವುದು ನಿಜ. ಸದ್ದು ಬರಲಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ಒಳಗಿನ ಭಾಗಗಳು ಅಲುಗದಿರಲಿ ಎಂದು ಕಂದು ಬಣ್ಣದ ಗೋಂದು ಹಾಕಿರುತ್ತಾರೆ. ನಮ್ಮ ಸೀಮೆಯ ಸೆಕೆಗೆ ಅದು ಮೆತ್ತಗಾಗಿರುತ್ತದೆ. ನನ್ನ ನಾಲ್ಕನೇ ಸ್ಕ್ರೂ ಅದರಲ್ಲಿ ಕಚ್ಚಿಕೊಂಡು ಕೂತಿತ್ತು. ಆಮೇಲಿನ ವರ್ಷಗಳಲ್ಲಿ ನಾನು ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಊಟದ ತಟ್ಟೆಯಲ್ಲಿ ಸಾಲಾಗಿಟ್ಟು ಎಣಿಸುತ್ತಿದ್ದೆ. ಒಂದು ಕಡಿಮೆಯಾದರೂ ಮುಚ್ಚಳ ಹಾಕುತ್ತಿರಲಿಲ್ಲ. ಆದರೆ ಅದು ಆಮೇಲೆ.

ಮಾರನೇ ದಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಳಲ್ಕೆರೆ ದಾಟಿ ಹೊಸದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಹಾಕಿದೆ. ಫ್ಯಾನು ತಿರುಗಿತು. ಸುಜಾತ ಟೀ ತರಿಸಿಕೊಟ್ಟಳು.

ಮೂರು ವಾರದ ಮೇಲೆ ಮಂಡಿಯಿಂದ ಫೋನು ಬಂತು. ಕಂಪ್ಯೂಟರನ್ನು ಕಿಟಕಿಯ ಕಡೆಗೆ ಸರಿಸಿದ್ದರಂತೆ. ಬೆಳಿಗ್ಗೆ ನೆಲ ಒರೆಸಿ, ಪ್ರಿಂಟರಿನ ವೈರು ಸಿಕ್ಕಿಸಲು ಸುಜಾತ ಕಂಪ್ಯೂಟರಿನ ಹಿಂದೆ ಕೈ ಹಾಕಿದ್ದಳು. ಕರೆಂಟು ಹಿಡಿದು ಎಸೆದಿತ್ತು.

ನಾನು ಹೋಗುವ ಹೊತ್ತಿಗೆ ಅವಳು ಆಸ್ಪತ್ರೆಯಿಂದ ಬಂದು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ನಾನು ಒಳಗೆ ಹೋಗಿ ಕಂಪ್ಯೂಟರಿನ ಮೈಗೆ ಟೆಸ್ಟರ್ ಇಟ್ಟೆ. ಗೋಡೆಯ ಸಾಕೆಟ್ಟಿಗೆ ಇಟ್ಟಷ್ಟೇ ಪ್ರಖರವಾಗಿ ಹೊತ್ತಿತು. ಪ್ಲಗ್ ಕಿತ್ತು, ಕಾದು, ಡಬ್ಬಿಯ ಸ್ಕ್ರೂ ಬಿಚ್ಚಿ ಹೊರಗೆ ಎಳೆದೆ. ಎಳೆಯುವಾಗ ನನ್ನ ಕೈಯಲ್ಲಿ ಟಿಣ್ ಎಂದಿತು.

ಎಲ್ಲ ಗೊತ್ತಾಗಲು ಅಷ್ಟು ಸಾಕಿತ್ತು. ಕಂಪ್ಯೂಟರ್ ಸರಿಸಿದಾಗ ಸ್ಕ್ರೂ ಗೋಂದು ಬಿಟ್ಟು ಹಲಗೆಗೂ ತಗಡಿಗೂ ಅಡ್ಡ ಬಿದ್ದಿತ್ತು. ರುದ್ರಪ್ಪನವರು ಅಂಗಳದಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಆಮೇಲೆ ಬೇರೆಯವರ ತಪ್ಪು ಹುಡುಕಲು ಶುರುಮಾಡಿದೆ. ಸಿಕ್ಕವು ಕೂಡ. ಎರಡು ತೂತಿನ ಬೋರ್ಡಿಗೆ ಹೊಂದಿಸಲು ಯಾರೋ ಪ್ಲಗ್ಗಿನ ಮೂರನೇ ಪಿನ್ನನ್ನು ಮುರಿದಿದ್ದರು. ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಅರ್ಥಿಂಗ್ ಇಲ್ಲ. ಅದಿದ್ದಿದ್ದರೆ ಸ್ಕ್ರೂ ಬಿದ್ದ ಕ್ಷಣವೇ ಫ್ಯೂಸ್ ಹಾರುತ್ತಿತ್ತು, ಅವಳಿಗೆ ಏನೂ ಆಗುತ್ತಿರಲಿಲ್ಲ. ನೆಲ ಇನ್ನೂ ತೇವವಿತ್ತು. ವರದಿಯಲ್ಲಿ ಬರೆದು, ಕೆಳಗಿನ ಕಾರ್ಬನ್ ಪ್ರತಿಯನ್ನು ಮಂಡಿಗೆ ಕೊಟ್ಟೆ: ‘ನೆಲ ಒದ್ದೆ. ಅರ್ಥಿಂಗ್ ಇಲ್ಲ. ಬಳಸುವವರ ಅಜಾಗರೂಕತೆ.’

ಹೊರಡುವಾಗ ಸುಜಾತ ಕೇಳಿದಳು, ‘ಸಾರ್, ಪ್ರಿಂಟರ್ ವೈರು ಹಾಕಕ್ಕೆ ಹೋದೆ ಅಷ್ಟೆ. ಏನು ತಪ್ಪಾತು?’

ನೆಲ ಒದ್ದೆಯಿತ್ತಲ್ಲಮ್ಮ ಎಂದೆ. ಒರೆಸು ಎಂದು ಹೇಳಿದ್ದು ನೀವೇ ಎಂದು ಅವಳು ಅಂದಳೋ, ಅನ್ನುತ್ತಾಳೆ ಎಂದು ನಾನು ಹೆದರಿದೆನೋ, ಈಗ ಬೇರ್ಪಡಿಸಲಾರೆ. ಬಾಗಿಲ ಮೇಲಿನ ರಟ್ಟು ನನ್ನದೇ ಅಕ್ಷರದಲ್ಲಿತ್ತು. ಅದನ್ನು ನೋಡದೆ ದಾಟಿದ್ದು ಮಾತ್ರ ಸರಿಯಾಗಿ ನೆನಪಿದೆ.

ವರ್ಕ್‌ಶಾಪಿನಲ್ಲಿ ಡಬ್ಬಿ ಬಿಚ್ಚಿದವರು ಬಷೀರಣ್ಣ. ಹಲಗೆಯ ಅಡಿಯಲ್ಲಿ ಸ್ಕ್ರೂ ಇತ್ತು, ಅದರ ಒಂದು ತುದಿ ಸುಟ್ಟು ಕಪ್ಪಾಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನು ನೋಡಿದರು. ಚಿದಾನಂದಪ್ಪನವರು ವರದಿ ಓದಿ ಕನ್ನಡಕ ತೆಗೆದರು.

‘ಬರೆದಿದ್ದರಾಗೆ ಸುಳ್ಳೇನೈತೆ? ಮೂರೂ ನಿಜ ತಾನೆ? ನಾಲ್ಕನೇದು ಯಾಕೆ ಬೇಕು?’

ನಾನು ವರದಿಯನ್ನು ಫೈಲಿಗೆ ಹಾಕಿದೆ. ಬಷೀರಣ್ಣ ಸ್ಕ್ರೂವನ್ನು ನನ್ನ ಅಂಗಿಯ ಜೇಬಿಗೆ ಹಾಕಿ, ಗುಂಡಿ ಹಚ್ಚಿ, ನಮಾಜಿಗೆ ಹೊರಟರು.

ಪಾಠ ಮಾಡುವಾಗ ಇಲ್ಲಿಂದ ಮುಂದೆ ನಾನು ಹೇಳುತ್ತಿದ್ದುದು ಹೀಗೆ: ಮನಸ್ಸು ತಡೆಯಲಿಲ್ಲ, ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸದುರ್ಗಕ್ಕೆ ಹೋಗಿ ಒಪ್ಪಿಕೊಂಡೆ. ಕೇಳಿದವರು ತಲೆದೂಗುತ್ತಿದ್ದರು. ಹಾಗೆ ಆಗಲಿಲ್ಲ. ಹನ್ನೊಂದು ದಿನ ನಾನು ಎಲ್ಲಿಗೂ ಹೋಗಲಿಲ್ಲ. ಮಂಡಿಯಲ್ಲಿ ಬೇರೆ ಡಬ್ಬಿ ಕೂರಿಸಿ ಬಂದವನೂ ವರ್ಕ್‌ಶಾಪಿನ ಇನ್ನೊಬ್ಬ ಹುಡುಗ. ಊಟ ಮಾಡಿದೆ, ನಿದ್ದೆಯೂ ಬಂತು. ಹನ್ನೆರಡನೇ ದಿನ ಮಂಡಿಗೆ ಹೋದದ್ದೂ ಕಚೇರಿಯವರು ಕಳಿಸಿದ್ದರಿಂದ. ಅಲ್ಲಿ ಹೊಸ ಆಪರೇಟರ್ ಬಂದಿದ್ದಾರೆ, ಚೀಟಿ ತೆಗೆಯುವುದು ಗೊತ್ತಾಗುತ್ತಿಲ್ಲ, ಹೋಗಿ ಹೇಳಿಕೊಟ್ಟು ಬಾ ಎಂದರು.

ಹೊಸ ಆಪರೇಟರ್ ಎಂದರೆ ರುದ್ರಪ್ಪನವರ ತಂಗಿಯ ಗಂಡ, ಐವತ್ತು ದಾಟಿದವರು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು. ‘ಕ’ ಎಲ್ಲೈತಪ್ಪ ಎಂದು ಯಂತ್ರವನ್ನೇ ಕೇಳುತ್ತಿದ್ದರು. ಹೊರಗೆ ರೈತರು ಕಾಯುತ್ತಿದ್ದರು. ಸುಜಾತ ಅಂಗಳದಲ್ಲಿ ತಾಯಿಯ ಪಕ್ಕ ಕೂತು ಎಡಗೈಯಲ್ಲಿ ಕೊಬ್ಬರಿ ವಿಂಗಡಿಸುತ್ತಿದ್ದಳು. ನನ್ನನ್ನು ನೋಡಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದಳು.

ಅರ್ಧ ಗಂಟೆ ಆ ಹಿರಿಯರಿಗೆ ಚೀಟಿ ತೆಗೆಯುವುದನ್ನು ಕಲಿಸಿದೆ. ಆಮೇಲೂ ಹೇಳದೆ ಹೊರಟುಹೋಗಬಹುದಿತ್ತು. ಯಾಕೆ ಹೇಳಿದೆ ಎಂಬುದಕ್ಕೆ ನನ್ನ ಹತ್ತಿರ ಒಳ್ಳೆಯ ಕಾರಣವಿಲ್ಲ. ರುದ್ರಪ್ಪನವರು ಸುಮ್ಮನೆ ಮಾತಿಗೆ, ಆ ಹುಡುಗಿಗೆ ಒಳಗಿನ ಕೆಲಸ ಆಗಿಬರಲಿಲ್ಲ ನೋಡ್ರಿ, ಎಚ್ಚರಿಲ್ಲ ಅಂತ ನೀವೇ ಬರೆದಿರಲ್ಲ ಎಂದರು. ನಾನು ಜೇಬಿನ ಗುಂಡಿ ಬಿಚ್ಚಿ, ಅಷ್ಟು ದಿನವೂ ಅಂಗಿಯಿಂದ ಅಂಗಿಗೆ ದಾಟಿಸಿಕೊಂಡು ಬಂದಿದ್ದ ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟೆ. ಇದು ಡಬ್ಬಿಯೊಳಗಿತ್ತು, ಫ್ಯಾನು ಹಾಕುವಾಗ ನಾನು ಬೀಳಿಸಿದ್ದು, ಎಂದೆ.

ಅವರು ಅದನ್ನು ಎತ್ತಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

‘ಇಷ್ಟುದ್ದದ್ದಕ್ಕೆ ನಾನು ಆ ಹುಡುಗೀನ ಹೊರಗೆ ಕುಂದರ್ಸಿದೆನೇನ್ರಿ?’

ಪಿನ್ನು ಮುರಿದದ್ದೂ ಕಾರಣ ಎಂದು ನಾನು ಹೇಳಿದೆ. ಅದನ್ನು ಮುರಿದವರು ತಾವೇ ಎಂದು ಅವರು ಒಪ್ಪಿಕೊಂಡರು. ಆಮೇಲೆ ಬಾಗಿಲಿಗೆ ಹೋಗಿ ಸುಜಾತಳನ್ನು ಕರೆದರು. ಅವಳು ಬಂದು ಹೊಸ್ತಿಲ ಹೊರಗೆ ನಿಂತಳು. ಅವಳ ಮುಂದೆ ನಾನು ಇನ್ನೊಮ್ಮೆ ಎಲ್ಲ ಹೇಳಿದೆ. ಎರಡನೇ ಸಲ ಹೇಳುವುದು ಹೆಚ್ಚು ಕಷ್ಟವಾಯಿತು. ಅವಳ ಮುಖದಲ್ಲಿ ಏನಿತ್ತು ಎಂದು ಕೇಳಬೇಡಿ, ನಾನು ಬೆರಳಿನ ಪಟ್ಟಿ ನೋಡುತ್ತಿದ್ದೆ. ರುದ್ರಪ್ಪನವರು, ಆತು ಬಿಡಮ್ಮ, ಆದದ್ದು ಆತು, ನಾಳೆಯಿಂದ ಒಳಗೆ ಬಾ ಎಂದರು. ಕುರ್ಚಿಯಲ್ಲಿದ್ದ ಅವರ ತಂಗಿಯ ಗಂಡ ಎಲ್ಲರಿಗಿಂತ ಮೊದಲು ಎದ್ದು ನಿಂತರು.

ಅವಳು ಒಳಗೆ ಬರಲಿಲ್ಲ.

‘ಬಾಯಾಗೆ ಹೇಳಿದ್ದು ಈ ಅಂಗಳ ದಾಟಲ್ಲ ಸಾರ್. ನಂಗೆ ಎಚ್ಚರಿಲ್ಲ ಅಂತ ಬರೆದಿದ್ದು ಫೈಲ್‌ನಾಗೈತೆ. ನಾಳೆ ಇಲ್ಲಿ ಬ್ಯಾಡ ಅಂದ್ರೆ ಇನ್ನೊಂದು ಮಂಡಿಗೆ ಹೋಗ್ಬೇಕು, ಅವರೂ ಕೇಳ್ತಾರೆ. ಬರೆದು ಕೊಡ್ರಿ.’

ನಾನು ವರದಿ ಪುಸ್ತಕ ತೆಗೆದು, ಹೊಸ್ತಿಲ ಹೊರಗಿನ ಬೆಂಚಿನ ಮೇಲಿಟ್ಟು, ಹಾಳೆಗಳ ನಡುವೆ ಕಾರ್ಬನ್ ಸೇರಿಸಿ ಬರೆದೆ. ಕಚೇರಿಯ ಭಾಷೆ ಕೈಗೆ ತಾನಾಗಿ ಬಂತು: ‘ಮರುಪರಿಶೀಲನೆಯಲ್ಲಿ ಡಬ್ಬಿಯೊಳಗೆ ಸಡಿಲ ಸ್ಕ್ರೂ ಪತ್ತೆಯಾಗಿದೆ. ರಿಪೇರಿ ಮಾಡಿದವರ ತಪ್ಪು. ಆಪರೇಟರ್ ಸುಜಾತ ಅವರ ತಪ್ಪಿಲ್ಲ.’ ಪುಸ್ತಕವನ್ನು ಅವಳ ಕಡೆ ತಿರುಗಿಸಿದೆ. ಚಿದಾನಂದಪ್ಪನವರು ಇದನ್ನು ನೋಡಿದರೆ ಏನಾಗುತ್ತದೆ ಎಂದು ಆಗಲೇ ಲೆಕ್ಕ ಹಾಕುತ್ತಿದ್ದೆ. ಆದದ್ದು ಇಷ್ಟು: ಒಂದು ವರ್ಷ ನನ್ನನ್ನು ಹೊರಗಿನ ಕೆಲಸಕ್ಕೆ ಕಳಿಸಲಿಲ್ಲ. ಅದು ದೊಡ್ಡದಲ್ಲ.

ಅವಳು ನಿಧಾನ ಓದಿದಳು. ಗಾಯವಾಗದ ಬೆರಳನ್ನು ಮೊದಲ ಪದದ ಕೆಳಗಿಟ್ಟಳು.

‘ಮರುಪರಿಶೀಲನೆ ಅಂದ್ರೆ ಯಾವಾಗ ಸಾರ್?’

ನಾನು ಪೆನ್ನಿನ ಮುಚ್ಚಳ ಹಾಕಲು ಹೋದೆ.

‘ಅವತ್ತು ನೀವು ಡಬ್ಬಿ ಎಳೆದಾಗ ಸದ್ದಾತು. ನಾನು ಇಲ್ಲೇ ಬೆಂಚಿನ ಮ್ಯಾಲೆ ಕುಂತಿದ್ದೆ. ನಂಗೂ ಕೇಳಿಸ್ತು.’

ರುದ್ರಪ್ಪನವರು ನನ್ನ ಕಡೆ ತಿರುಗಿದರು.

‘ಇವತ್ತು ಗೊತ್ತಾತು ಅನ್ನಂಗೆ ಬರೀಬ್ಯಾಡ್ರಿ ಸಾರ್. ಅವತ್ತೇ ಗೊತ್ತಿತ್ತು ಅಂತ ಬರೀರಿ.’

ಹಾಳೆಯ ಕೊನೆಯಲ್ಲಿ ಒಂದು ಸಾಲಿನಷ್ಟು ಜಾಗವಿತ್ತು. ಅಪಘಾತದ ದಿನವೇ ನನಗೆ ಇದು ತಿಳಿದಿತ್ತು, ತಿಳಿಸಲಿಲ್ಲ, ಎಂದು ಬರೆದು ಸಹಿ ಹಾಕಿದೆ. ಅವಳು ಪುಸ್ತಕ ತೆಗೆದುಕೊಂಡು, ಮೇಲಿನ ಹಾಳೆ ಎತ್ತಿ, ಕಾರ್ಬನ್ ಸರಿಸಿ, ತನಗೆ ಸಿಗಬೇಕಾದ ಕೆಳಗಿನ ಹಾಳೆಯನ್ನು ನೋಡಿದಳು. ಮೊದಲ ಸಾಲುಗಳೆಲ್ಲ ಸ್ಪಷ್ಟವಾಗಿದ್ದವು. ಕೊನೆಯದು ಮಾತ್ರ ಅಲ್ಲಲ್ಲಿ ನೀಲಿ ಗೀರಿನಂತೆ ಕಂಡೂ ಕಾಣದಂತಿತ್ತು.

ಅವಳು ಕಾರ್ಬನ್ನನ್ನು ಮೊದಲಿನ ಹಾಗೆ ನಡುವೆ ಇಟ್ಟು, ಅಂಚು ಸರಿಹೊಂದಿಸಿ, ಪುಸ್ತಕವನ್ನು ನನ್ನ ಕಡೆ ನೂಕಿದಳು.

‘ಒತ್ತಿ ಬರೀರಿ ಸಾರ್’ ಎಂದಳು.